ತೋಳಿನ ಅಳತೆ

"ಇನ್ನೊಂದು ಸಲ ಉಸಿರೆಳ್ಕೊಳ್ಳಿ ಅಕ್ಕ," ಎಂದಳು ಆಸ್ಪತ್ರೆಯಲ್ಲಿ ಹೊಸ ಮದ್ದಿನ ಪರೀಕ್ಷೆ ನಡೆಸುತ್ತಿದ್ದ ಹುಡುಗಿ.

ಮೂಗಿಗೆ ಸಿಂಪಡಿಸಿದ ಮದ್ದು ತಣ್ಣಗೆ ಗಂಟಲಿಗಿಳಿಯಿತು. ತಾಯಿ-ಮಗುವನ್ನು ಬೆಸೆಯುವ ಹಾರ್ಮೋನು ಅದರಲ್ಲಿದೆಯಂತೆ. ಜನರೆಂದರೆ ನಡುಗುವವರಿಗೆ ಇದರಿಂದ ಜನರತ್ತ ಹೋಗುವ ಮನಸ್ಸು ಬರುತ್ತದೆಯೇ ಎಂದು ನೋಡಬೇಕಂತೆ.

"ಇದು ಮದ್ದೋ, ಬರೀ ಉಪ್ಪುನೀರೋ?" ಎಂದು ಕೇಳಿದಳು ಹೊಲಿಗೆಯವಳು.

"ನನಗೂ ಹೇಳಿಲ್ಲ. ಹೇಳಿದ್ರೆ ನನ್ನ ಮುಖಾನೇ ಚಾಡಿ ಹೇಳಿಬಿಡುತ್ತೆ!"

ಮೇಜಿನ ಮೇಲೆ ಇಸ್ಪೀಟು ಕಟ್ಟೂ, ಕೈಬಲ ಅಳೆಯುವ, ಅದುಮುವ ಹಿಡಿಯೊಂದೂ ಇದ್ದವು. ಮೆಲ್ಲಗೆ ಅದುಮಿದರೆ ಒಬ್ಬಳೇ ಕೂತು ಆಡಬಹುದು. ಕೈ ನೋಯುವಷ್ಟು ಅದುಮಿದರೆ ಬಾಗಿಲು ತೆರೆದು ಅಪರಿಚಿತರೊಬ್ಬರು ಆಟಕ್ಕೆ ಬರುತ್ತಾರೆ. ಹೋದ ಸಲ ಅವಳು ಬೆರಳು ತಾಗಿಸಿ ಸುಮ್ಮನಾಗಿದ್ದಳು.

ಈ ಸಲ ಅಂಗಡಿಯ ಒಡೆಯ ಟೈಲರ್ ಮಾಸ್ಟರ್ ಮಾತು ಕಿವಿ ಕೊರೆಯುತ್ತಿತ್ತು. ಹೊಲಿಗೆ ಅಂಗಡಿಯಲ್ಲಿ ಅವಳದು ಪರದೆಯ ಹಿಂದಿನ ಬಾಳು. ಗಿರಾಕಿಯನ್ನು ಮುಟ್ಟಿ ಅಳೆಯಲಾರದೆ, ಸಂದಿಯಿಂದಲೇ ಕಣ್ಣಳತೆ ಹಿಡಿದು ಬಟ್ಟೆ ಕತ್ತರಿಸುತ್ತಿದ್ದಳು. ಒಂದು ಕೋಟು ತೋಳು ಗಿಡ್ಡವಾಗಿ ವಾಪಸು ಬರುವವರೆಗೆ ಅದು ನಡೆದುಹೋಯಿತು.

"ಸಂಜೆ ಆ ಕೋಟಿನ ಅಮ್ಮ ಬರ್ತಾರೆ. ನೀನೇ ಟೇಪು ಹಿಡಿದ್ರೆ, ನನ್ನ ಕಾಲ ಆದ್ಮೇಲೆ ಅಂಗಡಿ ನಿಂದು. ಇಲ್ಲಾಂದ್ರೆ ನನ್ನ ಅಳಿಯಂದು. ಸೂಜಿಗೆ ದಾರ ಪೋಣಿಸೋಕೆ ಬರಲ್ಲ ಅವನಿಗೆ, ಆದ್ರೆ ಬಾಯಿದೆ!" ಎಂದಿದ್ದರು ಮಾಸ್ಟರ್.

ಅವಳು ಹಿಡಿಯನ್ನು ಅದುಮಿದಳು. ಕತ್ತರಿ ಹಿಡಿದು ಗಟ್ಟಿಯಾದ ಕೈ. ಗೆಣ್ಣುಗಳು ಬಿಳಿಚಿಕೊಂಡರೂ ಬಿಡಲಿಲ್ಲ. ಬಾಗಿಲು ತೆರೆಯಿತು. ಒಳಗೆ ಬಂದ ಬೋಳುತಲೆಯ ಮುದುಕ ಅವಳೆದುರು ಸೋತು, "ಇನ್ನೊಂದಾಟ, ಹಾಗೆಲ್ಲ ಬಿಡಲ್ಲ ನಾನು!" ಎಂದು ಮೇಜು ಕುಟ್ಟಿದ. ಅವಳಿಗೆ ನಗು ತಡೆಯಲಾಗಲಿಲ್ಲ.

ಸಂಜೆ ಅಂಗಡಿಯಲ್ಲಿ ಪರದೆ ಸರಿಸುವಾಗ ಎದೆ ಡವಡವ ಎನ್ನುತ್ತಲೇ ಇತ್ತು. ಆದರೆ ಕಾಲು ಹಿಂದೆ ಸರಿಯಲಿಲ್ಲ. ಮಾಸ್ಟರ್ ಕೊರಳಿನಿಂದ ಟೇಪು ಎಳೆದುಕೊಂಡಳು.

"ಯಾರ್ರೀ ನನ್ನ ತೋಳು ಕತ್ತರಿಸಿದ್ದು?" ಎಂದರು ಕೋಟು ಹಿಡಿದು ಬಂದ ಎತ್ತರದ ಹೆಂಗಸು.

"ನಾನೇ ಅಮ್ಮ. ಮುಟ್ಟೋಕೆ ಹೆದರಿ ಕಣ್ಣಲ್ಲೇ ಅಳೆದೆ. ಈಗ ಕೈ ಚಾಚಿ."

ಹೆಂಗಸು ಅವಳನ್ನೇ ದಿಟ್ಟಿಸಿದರು. ಆಮೇಲೆ ಮೆಲ್ಲಗೆ, "ನನಗೂ ಹೆದರಿಕೆ ಕಣಮ್ಮ. ಕಚಗುಳಿ ಜಾಸ್ತಿ," ಎಂದು ತೋಳು ಚಾಚಿದರು.

ಟೇಪು ಭುಜದಿಂದ ಇಳಿದು ಮಣಿಕಟ್ಟಿಗೆ ಬಂತು. ಅವಳ ಬೆರಳಡಿ ಬೇರೊಬ್ಬರ ನಾಡಿ ಮಿಡಿಯುತ್ತಿತ್ತು.

"ಇಪ್ಪತ್ತಮೂರೂವರೆ!" ಅಂಗಡಿಯೆಲ್ಲ ಕೇಳುವಂತೆ ಕೂಗಿದಳು.

ಪರದೆಯ ಹಿಂದೆ, ಅವಳ ಸ್ಟೂಲಿನ ಮೇಲೆ ಕೂತು, ಮಾಸ್ಟರ್ ಬರೆದುಕೊಂಡರು.