ಒಂಬತ್ತಂಕಣದ ಮಾಳಿಗೆ

ಫಕ್ಕೀರವ್ವನ ಮಾಳಿಗೆ ಸೋರುವುದಿಲ್ಲ ಎಂಬುದು ಹುಲಗೂರಿನ ಸುತ್ತಮುತ್ತ ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿಲ್ಲದವರಿಗೆ ಅವಳೇ ಹೇಳುತ್ತಿದ್ದಳು. ಹನ್ನೆರಡನೆಯ ವಯಸ್ಸಿಗೆ ಸೊಸೆಯಾಗಿ ಬಂದವಳಿಗೆ ಈಗ ಅರವತ್ತೆರಡು. ಈ ಐವತ್ತು ವರ್ಷಗಳಲ್ಲಿ ಆ ಮನೆಯೊಳಗೆ ಒಂದೇ ಒಂದು ಹನಿ ಮಳೆನೀರು ಬಿದ್ದಿರಲಿಲ್ಲ. ಬೇರೆಯವರ ಮನೆ ಸೋರಿದ ಸುದ್ದಿ ಬಂದರೆ ಅವಳು ಅಯ್ಯೋ ಪಾಪ ಎನ್ನುತ್ತಿದ್ದಳು, ಆದರೆ ಮುಖ ಅರಳುತ್ತಿತ್ತು.

ಮನೆ ಇದ್ದದ್ದು ಊರ ಹೊರಗೆ, ಹೊಲದ ಅಂಚಿಗೆ. ಯಾರು ಕಟ್ಟಿಸಿದರೋ, ಯಾವ ಕಾಲದಲ್ಲೋ, ಹೇಳುವವರು ಉಳಿದಿರಲಿಲ್ಲ. ನಾಲ್ಕು ಸಾಲಿನಲ್ಲಿ ಹದಿನಾರು ಸಾಗವಾನಿ ಕಂಬ, ಕಂಬಗಳ ನಡುವೆ ಒಂಬತ್ತು ಅಂಕಣ. ದೊಡ್ಡ ಬಾಗಿಲು ದಾಟಿದರೆ ಮೊದಲು ಎತ್ತುಗಳು, ಎರಡು ಮೆಟ್ಟಿಲು ಹತ್ತಿದರೆ ಮನುಷ್ಯರು, ಅವರ ಹಿಂದಿನ ಕತ್ತಲಲ್ಲಿ ಜೋಳದ ಕಣಜಗಳು. ಗೋಡೆಗಳಿಗೆ ಕಿಟಕಿ ಎಂಬುದೇ ಇಲ್ಲ. ಬೆಳಕು ಬರಬೇಕಾದರೆ ಮಾಳಿಗೆಯ ಬೆಳಕಿಂಡಿಯಿಂದಲೇ ಬರಬೇಕು. ಹೊರಗೆ ಮೂಡಣ ಗೋಡೆಯಲ್ಲಿ, ಆಳಿನ ಕೈಗೆ ಎಟುಕದಷ್ಟು ಎತ್ತರದಲ್ಲಿ, ಕಲ್ಲಿನ ಬಸವಣ್ಣನ ಮುಖವೊಂದು ಮುಂದಕ್ಕೆ ಚಾಚಿಕೊಂಡಿತ್ತು. ಮನೆಯವರು ಅವನನ್ನು ಗ್ವಾಡಿ ಬಸವಣ್ಣ ಎನ್ನುತ್ತಿದ್ದರು. ಶ್ರಾವಣ ಸೋಮವಾರ ಏಣಿ ಹಾಕಿ, ಎಣ್ಣೆ ಹಚ್ಚಿ, ವಿಭೂತಿ ಬಳಿದು, ತೆರೆದ ಬಾಯಿಗೆ ಬೆಲ್ಲ ಮೆತ್ತಿ ಇಳಿಯುವುದು ಪದ್ಧತಿ.

ಮಾಳಿಗೆ ಎಂದರೆ ಮಣ್ಣಿನ ಚಪ್ಪಟೆ ಮಾಳಿಗೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಬೇವಿನ ತಪ್ಪಲು, ಅದರ ಮೇಲೆ ನೀರನ್ನು ಕೆಳಗೆ ಬಿಡದ ಸವಳು ಮಣ್ಣು. ಪ್ರತಿ ವರ್ಷ ಮುಂಗಾರಿನ ಮಿರಗದ ಮಳೆ ಬರುವ ಮೊದಲು ಹೊಸ ಮಣ್ಣು ಹೊತ್ತು, ಹರಡಿ, ಬಡಿದು ಗಟ್ಟಿ ಮಾಡಬೇಕು. ಮೊದಲ ಬುಟ್ಟಿ ಮನೆಯ ಹಿರಿಯ ಹೆಣ್ಣುಮಗಳದು. ಉಳಿದ ಮನೆಗಳಲ್ಲಿ ಒಂದು ವರ್ಷ ಹಾಕಿ ಎರಡು ವರ್ಷ ಸುಮ್ಮನಿರುತ್ತಿದ್ದರು. ಫಕ್ಕೀರವ್ವ ಮಾತ್ರ ಬಸುರಿಯಿದ್ದಾಗಲೂ ಬಿಟ್ಟವಳಲ್ಲ, ಗಂಡ ನಾಗಪ್ಪ ತೀರಿಕೊಂಡ ವರ್ಷವೂ ಬಿಟ್ಟವಳಲ್ಲ. ಸೊಸೆ ಅನ್ನವ್ವ ಬಂದ ಮೇಲೆ ಅವಳ ತಲೆಯ ಮೇಲೂ ಬುಟ್ಟಿ ಹೊರುವ ಸಿಂಬಿ ಇಟ್ಟು ಕಲಿಸಿದಳು.

ಹೀಗಿರುವಾಗ ೧೯೩೮ರ ಬೇಸಿಗೆಯಲ್ಲಿ ನಡುಮನೆಯ ದೊಡ್ಡ ತೊಲೆ ಬಾಗಿತು. ಬಹಳ ದಿನಗಳಿಂದ ಬಾಗುತ್ತಿತ್ತೋ ಏನೋ, ನೋಡಿದ್ದು ಆಗ. ಅನ್ನವ್ವ ಬೀಸುತ್ತಿದ್ದ ಹಿಟ್ಟಿನಲ್ಲಿ ಮಣ್ಣು ಉದುರಿತು, ತಲೆಯೆತ್ತಿದರೆ ತೊಲೆಯ ಹೊಟ್ಟೆಯಲ್ಲಿ ಉದ್ದಕ್ಕೆ ಒಂದು ಬಿರುಕು. ಮಗ ಶಂಕ್ರಪ್ಪ ಕೆಳಗೆ ನಿಂತು ನೋಡಿದ, ಆಚೆ ಸರಿದು ನಿಂತು ಇನ್ನೊಮ್ಮೆ ನೋಡಿದ.

"ಮಳಿ ಬರೂದ್ರಾಗ ಇದನ್ನ ಇಳಿಸಿಬಿಡೂಣು ಯವ್ವ" ಎಂದ. "ಶಿಗ್ಗಾಂವಿನ್ಯಾಗ ಎಲ್ಲಾರೂ ಮಂಗಳೂರ ಹಂಚ ಹಾಕಾಕತ್ತಾರ. ಹಗರ ಇರ್ತಾವು."

"ಇಳಸ್ತಿ? ಯಾರ ಮನಿ ಇಳಸ್ತಿ ನೀನು?"

"ತೊಲಿ ತಲಿಮ್ಯಾಲ ಬಿದ್ದ ಮ್ಯಾಲ ಮನಿ ಯಾರದಾದ್ರ ಏನ?"

ಮಾತು ಸುಳ್ಳಲ್ಲ ಎಂದು ಗೊತ್ತಿದ್ದರಿಂದ ಫಕ್ಕೀರವ್ವನಿಗೆ ಸಿಟ್ಟು ಇನ್ನೂ ಹೆಚ್ಚಾಯಿತು. ನಡುಮನೆ ಇಳಿಸಿದರೆ ಒಂಬತ್ತಂಕಣದ ಮನೆ ಹರಿದು ಹೋಳಾದಂತೆಯೇ. ಅವಳು ಸವಣೂರಿಗೆ ಗಾಡಿ ಕಳಿಸಿ ಗೌಂಡಿ ಖಾದರಸಾಬನನ್ನು ಕರೆಸಿದಳು. ಎಪ್ಪತ್ತು ದಾಟಿದ ಮನುಷ್ಯ. ಹಳೆಯ ಮಾಳಿಗೆಗಳ ವಿಷಯದಲ್ಲಿ ಆ ಸೀಮೆಯಲ್ಲಿ ಅವನ ಮಾತೇ ಕಡೆಯ ಮಾತು.

ಖಾದರಸಾಬ ಬಂದವನು ತೊಲೆಯನ್ನು ಬೆರಳಿನಿಂದ ತಟ್ಟಿ, ಕಿವಿ ಇಟ್ಟು ಕೇಳಿದ. ಆಮೇಲೆ ಕಬ್ಬಿಣದ ಸಲಾಕಿ ಹಿಡಿದು ಮಾಳಿಗೆ ಹತ್ತಿ ಮಣ್ಣಿನಲ್ಲಿ ಊರಿದ. ಸಲಾಕಿ ಇಳಿಯಿತು, ಇಳಿಯಿತು, ಇಳಿಯುತ್ತಲೇ ಹೋಯಿತು. ಕೆಳಗೆ ಬಂದು ಕಂಬಕ್ಕೆ ಒರಗಿ ಕುಳಿತು ನೀರು ಕುಡಿದ.

"ಅವ್ವಾರ, ತೊಲಿಗೆ ಏನೂ ಆಗಿಲ್ಲ. ಹುಳ ಹಿಡದಿಲ್ಲ, ಕೊಳತಿಲ್ಲ. ಹೊರಲಾರದ ಬಾಗೈತಿ."

"ಏನ ಹೊರಲಾರದ?"

"ಮ್ಯಾಲಿನ ಮಣ್ಣರಿ. ಎರಡ ಮೊಳಕ್ಕ ಹೆಚ್ಚ ಐತಿ. ವರ್ಷಾ ಹಾಕೀರಿ, ಒಂದ ವರ್ಷಾನೂ ತಗದಿಲ್ಲ."

ಫಕ್ಕೀರವ್ವ ಸೆರಗು ಸರಿಮಾಡಿಕೊಂಡಳು. "ಮಣ್ಣ ಹಾಕಿದ್ದಕ್ಕ ಈ ಮನಿ ಉಳದೈತಿ ಸಾಬರ."

"ಮಣ್ಣ ಹಾಕಿದ್ದಕ್ಕ ಸೋರಿಲ್ಲರಿ. ಉಳಿಯೂದು ಬ್ಯಾರೆ ಮಾತು."

ಅವಳು ಎದ್ದು ಒಲೆಯ ಕಡೆ ಹೋದಳು. ಮುದುಕ ಎರಡು ದಿನ ಅಲ್ಲೇ ಉಳಿದ. ಖಾದರಸಾಬನಿಗೆ ರೊಟ್ಟಿ ಪಲ್ಯ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು, ಮಾತು ಮಾತ್ರ ಹೋಗುತ್ತಿರಲಿಲ್ಲ. ಐವತ್ತು ವರ್ಷ ತಲೆಯ ಮೇಲೆ ಹೊತ್ತು ಹೊತ್ತು ನೆತ್ತಿಯ ಕೂದಲು ಉದುರಿತ್ತು. ಕಾಪಾಡಿದೆನೆಂದು ಹಿಗ್ಗಿದ್ದ ಕೈಯೇ ಕೆಡವುತ್ತಿತ್ತು ಎಂದರೆ ಯಾರು ತಾನೇ ಒಪ್ಪುತ್ತಾರೆ? ಆ ಮುದುಕ ಸುಳ್ಳು ಹೇಳಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಮೂರನೆಯ ದಿನ ಮಧ್ಯಾಹ್ನ ಏಣಿ ಹತ್ತಿ ತೊಲೆಯ ಬಿರುಕಿನಲ್ಲಿ ಕಿರುಬೆರಳು ಇಟ್ಟು ನೋಡಿದಳು. ಮೊದಲ ದಿನ ಉಗುರೂ ಹೋಗದಿದ್ದ ಜಾಗದಲ್ಲಿ ಬೆರಳು ಹೋಯಿತು.

"ಒಂದ ಅಂಕಣ ತಗೀರಿ" ಎಂದಳು ಖಾದರಸಾಬನಿಗೆ. "ನಿಮ್ಮ ಮಾತು ಸುಳ್ಳಾತಂದ್ರ ಆ ಮಣ್ಣ ತಿರಗಿ ನೀವ ಹೊರಬೇಕು."

"ಹೊರ್ತೇನ್ರಿ" ಎಂದ ಮುದುಕ, ನಗದೆ.

ಅವನು ಮೊದಲು ಮಾಡಿದ ಕೆಲಸವೆಂದರೆ ಬಾಗಿದ ತೊಲೆಯ ಕೆಳಗೆ ಈ ಕಂಬದಿಂದ ಆ ಕಂಬಕ್ಕೆ ಒಂದು ನೂಲು ಎಳೆದು ಕಟ್ಟಿದ್ದು. ತೊಲೆಯ ಹೊಟ್ಟೆ ನೂಲಿಗೆ ತಾಗಿಕೊಂಡಿತ್ತು. ಮಣ್ಣು ಇಳಿದಂತೆ ತೊಲೆ ಎದ್ದರೆ ನಡುವೆ ಸಂದು ಕಾಣಬೇಕು, ಕಾಣದಿದ್ದರೆ ತಾನು ಸೋತಂತೆ ಎಂದ. ನಾಲ್ಕು ಆಳುಗಳು ಮೂಡಣ ಅಂಚಿನಿಂದ ಅಗೆಯಲು ಹತ್ತಿದರು. ತನ್ನ ಮಣ್ಣನ್ನು ಯಾರು ಹೇಗೆ ಕೀಳುತ್ತಾರೋ ನೋಡೇ ಬಿಡುತ್ತೇನೆಂದು ಫಕ್ಕೀರವ್ವ ಮಾಳಿಗೆಯ ಮೇಲೆಯೇ ಕುಳಿತಳು.

ಮೊಳದಷ್ಟು ಅಗೆದಾಗ ಕತ್ತರಿಸಿದ ಬದಿ ಅವಳ ಕಣ್ಣಿಗೆ ಬಿತ್ತು. ಅಲ್ಲಿ ಮಣ್ಣು ಒಂದೇ ಬಣ್ಣದ್ದಾಗಿರಲಿಲ್ಲ. ಬೂದು, ಕಪ್ಪು, ಕೆಂಪು, ಮತ್ತೆ ಬೂದು, ಗೆರೆಗೆರೆಯಾಗಿ ಪದರದ ಮೇಲೆ ಪದರ. ಅವಳು ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತು ಬೆರಳಿಟ್ಟು ಮುಟ್ಟಿದಳು. ಈ ಕಪ್ಪು ನಾಗಪ್ಪ ಕೆರೆಯ ಅಂಗಳದಿಂದ ತಂದ ವರ್ಷದ್ದು. ಈ ಕೆಂಪು ಬಾವಿ ತೋಡಿದ ವರ್ಷದ್ದು. ಅದರ ಕೆಳಗೆ ಒಣಗಿದ ಹುಲ್ಲುಬೇರುಗಳ ತೆಳುವಾದ ಒಂದು ಗೆರೆ ಕಂಡಿತು.

"ಇದು ಪ್ಲೇಗಿನ ವರ್ಷ" ಎಂದಳು. "ಎಲ್ಲಾರೂ ಹೊಲದಾಗ ಗುಡಿಸಲಾ ಹಾಕ್ಕೊಂಡಿದ್ವಿ. ಮ್ಯಾಲ ಹುಲ್ಲ ಬೆಳದಿತ್ತು. ನಮ್ಮ ಅತ್ತಿ ಗುಡಿಸಲದಾಗ ಹ್ವಾದ್ಲು. ತಿರಗಿ ಬಂದ ಮ್ಯಾಲ ಮೊದಲನೇ ಬುಟ್ಟಿ ನಾ ಹಾಕಿದ್ದೆ, ಅಳಕೋತ."

ಅದಕ್ಕಿಂತ ಕೆಳಗಿನದೆಲ್ಲ ಅತ್ತೆಯ ಮಣ್ಣು. ಅತ್ತೆಯ ಮಣ್ಣಿನ ನಡುವೆ ಉಗುರಿನಷ್ಟು ತೆಳ್ಳಗಿನ ಒಂದು ಪದರ. ಧಾತು ಸಂವತ್ಸರದ ಬರದಲ್ಲಿ ಬುಟ್ಟಿ ಎತ್ತಲು ಕಸುವಿಲ್ಲದೆ ಬೊಗಸೆಯಲ್ಲಿ ಮಣ್ಣು ಹಾಕಿದ್ದೆವೆಂದು ಅತ್ತೆ ಹೇಳುತ್ತಿದ್ದಳು, ಸೊಸೆಯಾಗಿದ್ದ ಫಕ್ಕೀರವ್ವ ಕಥೆಯೆಂದು ಕೇಳಿದ್ದಳು. ಕಥೆ ಈಗ ಬೆರಳಿಗೆ ತಾಗುತ್ತಿತ್ತು. ಅದರ ಕೆಳಗೆ ಹೆಸರೂ ಗೊತ್ತಿಲ್ಲದ ಹೆಂಗಸರ ಮಣ್ಣು, ಇನ್ನೂ ಕೆಳಗೆ, ಇನ್ನೂ ಕೆಳಗೆ. ಅಷ್ಟು ತಲೆಗಳು, ಅಷ್ಟು ಸಿಂಬಿಗಳು. ಒಂದು ವರ್ಷವೂ ಯಾರೂ ತಪ್ಪಿಸಿರಲಿಲ್ಲ. ಇಷ್ಟು ಜನರ ಮೇಲೆ ಕುಳಿತಿದ್ದೇನೆಂದು ಗೊತ್ತಿಲ್ಲದೆ ಐವತ್ತು ವರ್ಷ ಇಲ್ಲಿ ಹಪ್ಪಳ ಒಣಗಿಸಿದೆನಲ್ಲ ಎನ್ನಿಸಿತು.

ಆಗ ಗುದ್ದಲಿ ಕಲ್ಲಿಗೆ ತಾಗಿತು. ಖಾದರಸಾಬ ಆಳುಗಳನ್ನು ಸರಿಸಿ ಕೈಯಿಂದ ಕೆದರಿದ. ಅಂಚಿನ ಗೋಡೆಯಲ್ಲಿ ಎಲ್ಲಕ್ಕೂ ಮೇಲೆ ನಾಗಪ್ಪ ಹಾಕಿಸಿದ ತಗಡಿನ ಹರನಾಳಿಗೆ, ಮಳೆನೀರು ಹೊರಗೆ ಹೋಗುವ ದಾರಿ. ಅದರ ಒಂದು ಮೊಳ ಕೆಳಗೆ ಮಣ್ಣಲ್ಲಿ ಹೂತುಹೋದ ಮರದ ಹರನಾಳಿಗೆ, ಕೈಯಿಟ್ಟರೆ ಪುಡಿಯಾಗುವಂಥದ್ದು. ಎಲ್ಲಕ್ಕೂ ಕೆಳಗೆ, ಹಲಗೆಗಿಂತ ಒಂದೇ ಒಂದು ಗೇಣು ಮೇಲೆ, ನುಣುಪಾಗಿ ಕಡೆದ ಕಲ್ಲಿನ ಕಾಲುವೆ ಗೋಡೆಯೊಳಗೆ ಹೋಗಿತ್ತು. ಮಣ್ಣು ಏರಿದಂತೆಲ್ಲ ಹಿಂದಿನವರು ಮಣ್ಣು ಇಳಿಸಿರಲಿಲ್ಲ, ಗೋಡೆಯನ್ನೂ ಹರನಾಳಿಗೆಯನ್ನೂ ಏರಿಸಿದ್ದರು. ಮುದುಕ ಮಲಗಿ ಆ ಕಲ್ಲಿನ ತೂತಿನಲ್ಲಿ ಹೆಗಲವರೆಗೆ ಕೈ ಹಾಕಿದ. ಎದ್ದು ಅಂಚಿನಿಂದ ಕೆಳಗೆ ಬಗ್ಗಿ ನೋಡಿದ.

"ಅವ್ವಾರ, ಈ ತೂತು ನಿಮ್ಮ ಬಸವಣ್ಣನ ಬಾಯಿಗೆ ಹೋಗೈತಿ."

ಫಕ್ಕೀರವ್ವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನೆಲಕ್ಕೆ ಕೈಯೂರಿದಳು. ಅಷ್ಟು ಮಣ್ಣು ಯಾರೂ ಬೇಡಿರಲಿಲ್ಲ. ಕಟ್ಟಿದವರು ಈ ಮಾಳಿಗೆಗೆ ಒಂದು ಗೇಣು ಮಣ್ಣು ಸಾಕೆಂದು ಅಳೆದು, ನೀರು ಹೋಗಲು ಬಸವಣ್ಣನ ಬಾಯಿ ಮಾಡಿಸಿ ಇಟ್ಟಿದ್ದರು. ಆಮೇಲೆ ಬಂದವರು ಮೇಲಿನಿಂದ ಮಣ್ಣು ತುಂಬಿದರು, ಹೊರಗಿನಿಂದ ಬೆಲ್ಲ ಮೆತ್ತಿದರು.

ಖಾದರಸಾಬ ಸಲಾಕಿಯನ್ನು ಅವಳ ಮುಂದೆ ಇಟ್ಟ. "ನಿಮ್ಮ ದೇವರ ಬಾಯಾಗ ನಾ ಹ್ಯಾಂಗ ಸಲಾಕಿ ಹಾಕ್ಲಿರಿ? ನೀವ ಹಾಕ್ರಿ."

ಅವಳು ಸಲಾಕಿ ತೆಗೆದುಕೊಂಡಳು. ತಪ್ಪಾಯಿತು ತಂದೆ ಎಂದು ಕಣ್ಣಿಗೊತ್ತಿಕೊಂಡು ತೂತಿಗೆ ತೂರಿಸಿ ತಿವಿದಳು. ಅಂಟಾದ ಗಟ್ಟಿ ಮುದ್ದೆ ಸ್ವಲ್ಪ ಸ್ವಲ್ಪವೇ ಜರುಗಿತು. ಅನ್ನವ್ವ ಕೊಡ ನೀರು ಹೊತ್ತು ತಂದು ಸುರಿದಳು. ಕೆಳಗೆ ಅಂಗಳದಲ್ಲಿ ನಿಂತಿದ್ದ ಶಂಕ್ರಪ್ಪ ನೋಡುತ್ತಿದ್ದಂತೆ ಬಸವಣ್ಣನ ಬಾಯಿಂದ ಮೊದಲು ಕಪ್ಪು ಬೆಲ್ಲದ ಗಟ್ಟಿ ಬಿತ್ತು, ಬೂದಿಯ ರಾಡಿ ಬಿತ್ತು, ಕಡೆಗೆ ತಿಳಿಯಾದ ನೀರು ಗೋಡೆಗೆ ಒಂದು ಹನಿ ಸಿಡಿಯದಂತೆ ದೂರಕ್ಕೆ ಧುಮುಕಿತು. ಆಳುಗಳು ಗುದ್ದಲಿ ಬಿಟ್ಟು ಕೈಮುಗಿದರು. ಫಕ್ಕೀರವ್ವ ಅಂಚಿನಿಂದ ಬಗ್ಗಿ ನೋಡುತ್ತಲೇ ಇದ್ದಳು.

"ಇವನ ಬಾಯಿ ನಾವ ಮುಚ್ಚಿದ್ವಿ" ಎಂದಳು. ಸಲಾಕಿಯನ್ನು ಖಾದರಸಾಬನ ಕೈಗೆ ಕೊಟ್ಟು, "ಒಂಬತ್ತೂ ಅಂಕಣ ತಗೀರಿ ಸಾಬರ."

ಮಣ್ಣು ಇಳಿಸಲು ಎಂಟು ದಿನ ಹಿಡಿಯಿತು. ಬಂಡಿಗಳು ಹೊಲಕ್ಕೆ ಒಯ್ದಷ್ಟೂ ಅಂಗಳದಲ್ಲಿ ಗುಡ್ಡೆ ಬೆಳೆಯಿತು, ಕಡೆಗೆ ಮನೆಗಿಂತ ಎತ್ತರವಾಯಿತು. ಆ ಮನೆ ತನ್ನ ತಲೆಯ ಮೇಲೆ ಇನ್ನೊಂದು ಮನೆಯನ್ನು ಹೊತ್ತು ನಿಂತಿತ್ತು, ಯಾರಿಗೂ ಹೇಳಿರಲಿಲ್ಲ. ಊರಿನವರು ಬಂದು ಗುಡ್ಡೆ ನೋಡಿದರು, ಮನೆ ನೋಡಿದರು, ಬಾಯಿ ಮುಚ್ಚಿಕೊಂಡು ಹೋದರು.

ನಡುಮನೆಯ ಮಣ್ಣು ತೆಗೆಯುತ್ತಿದ್ದ ದಿನ ಮಧ್ಯಾಹ್ನ ಒಳಗೆ ಟಕ್ ಎಂದು ಸದ್ದಾಯಿತು. ಎಲ್ಲರೂ ಹೊರಗೆ ಓಡಿದರು, ಖಾದರಸಾಬನೊಬ್ಬ ಒಳಗೆ ಓಡಿದ. ಕೂಗಿ ಕರೆದ. ನೂಲಿಗೂ ತೊಲೆಗೂ ನಡುವೆ ಒಂದು ಎಳೆಯಷ್ಟು ಬೆಳಕು ಕಾಣುತ್ತಿತ್ತು. ಅವರು ನೋಡುತ್ತ ನಿಂತಿದ್ದಂತೆಯೇ ಮತ್ತೊಮ್ಮೆ ಸದ್ದಾಯಿತು, ಮೊದಲಿಗಿಂತ ಮೆಲ್ಲಗೆ, ನಿದ್ದೆಯಿಂದೆದ್ದವರ ಬೆನ್ನಿನ ಮೂಳೆ ಲಟಕ್ಕೆಂದಂತೆ. ಸಂಜೆಯ ಹೊತ್ತಿಗೆ ಶಂಕ್ರಪ್ಪನ ಎರಡು ಬೆರಳು ಆ ಸಂದಿನಲ್ಲಿ ಹೋದವು. ಬಿರುಕಿನಲ್ಲಿ ಅವನ ಅವ್ವನ ಕಿರುಬೆರಳು ಹೋಗಲಿಲ್ಲ. ನೂರಾರು ವರ್ಷದ ಹಿಂದೆ ಕಡಿದು ತಂದ ಮರ ಇನ್ನೂ ಏಳಬಲ್ಲುದು ಎಂಬುದು ಅವನಿಗೆ ನಂಬಲಾಗದ ಮಾತಾಯಿತು. ಕಂಬದ ಮೇಲೆ ಅಂಗೈ ಇಟ್ಟುಕೊಂಡು ನಿಂತ. ಹಂಚಿನ ಮಾತನ್ನು ಮತ್ತೆ ಎತ್ತಲಿಲ್ಲ.

ಖಾದರಸಾಬ ಹೊಸ ತಪ್ಪಲು ಹಾಸಿ, ಅಳೆದು ಒಂದೇ ಗೇಣು ಮಣ್ಣು ಹಾಕಿಸಿ, ನೀರೆಲ್ಲ ಕಲ್ಲಿನ ಕಾಲುವೆಗೆ ಬರುವಂತೆ ಇಳಿಜಾರು ಕೊಟ್ಟು, ಬಡಿಸಿ ಸವಣೂರಿಗೆ ಹೋದ. ಹೋಗುವಾಗ, "ವರ್ಷಾ ಹಾಕೂದಾದ್ರ ಮೊದಲ ಅಷ್ಟ ತಗೀರಿ ಅವ್ವಾರ, ಆಮ್ಯಾಲ ಹಾಕ್ರಿ" ಎಂದ. ಫಕ್ಕೀರವ್ವ ಹ್ಞೂಂ ಎಂದಳು. ಒಂದು ಗೇಣು ಮಣ್ಣು ನೋಡಿದರೆ ಅವಳಿಗೆ ಮನೆ ಬರಿತಲೆಯಲ್ಲಿ ನಿಂತಂತೆ ಕಾಣುತ್ತಿತ್ತು. ಹೆದರಿಕೆ ಹೋಗಿರಲಿಲ್ಲ.

ಮಿರಗದ ಮಳೆ ಹೊತ್ತೇರಿದ ಮೇಲೆ ಬಂತು, ಎಲ್ಲ ದಿಕ್ಕಿನಿಂದಲೂ ಒಮ್ಮೆಗೇ. ಬಸವಣ್ಣನ ಬಾಯಿಂದ ನೀರು ದಬದಬನೆ ಅಂಗಳಕ್ಕೆ ಬೀಳುವುದನ್ನು ದೊಡ್ಡ ಬಾಗಿಲಲ್ಲಿ ನಿಂತು ನೋಡಿ, ಫಕ್ಕೀರವ್ವ ಒಳಗೆ ಬಂದು ತೊಲೆಯ ಕೆಳಗೆ ಕುಳಿತಳು. ತಲೆಯೆತ್ತಿ ಜಂತಿ ಜಂತಿಗೂ ಕಣ್ಣಾಡಿಸಿದಳು. ಮಳೆ ಜೋರಾಯಿತು. ಅವಳ ಭುಜದ ಮೇಲೆ ಒಂದು ಹನಿ ಬಿತ್ತು.

ಅನ್ನವ್ವ ನೋಡಿದ್ದಳು. ಅವಳಿಗೆ ಕಲಿಸಿದ್ದೇ ಹಾಗೆ. ಮರುಗಳಿಗೆಯಲ್ಲಿ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಕೊಟ್ಟಿಗೆಯ ಮೂಲೆಯಲ್ಲಿದ್ದ ಒಣ ಮಣ್ಣನ್ನು ಬುಟ್ಟಿಗೆ ತುಂಬಿ ತಲೆಗೆ ಎತ್ತಿ ಏಣಿಗೆ ಕಾಲಿಟ್ಟಿದ್ದಳು.

"ಅನ್ನವ್ವ, ಬುಟ್ಟಿ ಇಳಸು."

"ಸೋರಾಕತ್ತೈತಲ್ರಿ ಅತ್ತಿ. ನಿಮ್ಮ ಮೈಮ್ಯಾಲ ಬಿತ್ತು."

"ಗೊತ್ತೈತಿ. ಮಳಿ ನಿಂತ ಮ್ಯಾಲ ಆ ಜಾಗಾ ಬಡದ ಗಟ್ಟಿ ಮಾಡೂಣು. ಮಣ್ಣ ಬ್ಯಾಡ."

ಅನ್ನವ್ವ ಏಣಿಯ ಮೇಲೆ ಒಂದು ಕಾಲಿಟ್ಟುಕೊಂಡೇ ಅತ್ತೆಯ ಮುಖ ನೋಡಿದಳು, ತಮಾಷೆ ಮಾಡುತ್ತಿದ್ದಾಳೋ ಏನೋ ಎಂದು. ಫಕ್ಕೀರವ್ವ ನೋಡುತ್ತಿದ್ದದ್ದು ತೊಲೆಯನ್ನು. ಅದು ನೆಟ್ಟಗೆ, ಆರಾಮಾಗಿ, ಈ ಕಂಬದಿಂದ ಆ ಕಂಬಕ್ಕೆ ಮಲಗಿತ್ತು. ಅನ್ನವ್ವ ಬುಟ್ಟಿ ಇಳಿಸಿದಳು. ಎರಡನೆಯ ಹನಿ ಅದೇ ಭುಜದ ಮೇಲೆ ಬಿತ್ತು. ಫಕ್ಕೀರವ್ವ ಜಾಗ ಬಿಟ್ಟು ಏಳಲಿಲ್ಲ.