ಒಂದೇ ಹೊಲ, ಎರಡು ಬಿಡಾರ

ಉಚ್ಚಂಗಿದುರ್ಗದ ಬೆಟ್ಟದ ಬುಡದಲ್ಲಿ ಶಿವಯೋಗಿ ಹೋಟೆಲ್ ಕಟ್ಟಿಸಿ ಎರಡು ವರ್ಷವಾಗಿತ್ತು. ಹೋಟೆಲ್ ಅಂದರೆ ನಾಲ್ಕು ಕೋಣೆ, ಒಂದು ಅಡುಗೆಮನೆ, ರಸ್ತೆಗೆ ಮುಖ ಮಾಡಿದ ಒಂದು ಬೋರ್ಡು. ಬೋರ್ಡಿನ ಮೇಲೆ ‘ಫೋರ್ಟ್ ವ್ಯೂ ರೆಸಾರ್ಟ್’ ಎಂದು ಬರೆಸಿದ್ದ. ರೆಸಾರ್ಟಿನಿಂದ ಕೋಟೆ ಕಾಣುತ್ತಿತ್ತು, ಕೋಟೆಯಿಂದ ರೆಸಾರ್ಟೂ ಕಾಣುತ್ತಿತ್ತು. ಜನ ಬರುವುದೊಂದೇ ಬಾಕಿ. ಇಲ್ಲಿಯವರೆಗೆ ಅಲ್ಲಿ ಮಲಗಿ ಎದ್ದವರೆಂದರೆ ಊರಿನ ಮದುವೆಗೆ ಬಂದ ಬೀಗರು, ಮತ್ತು ತೆಲಿಗಿಯ ಕೊನೆಯ ಬಸ್ಸು ತಪ್ಪಿಸಿಕೊಂಡ ಒಬ್ಬ ಬೀಜದ ಕಂಪನಿಯವನು.

ಹೊಲ ನೋಡಿಕೊಳ್ಳುತ್ತಿದ್ದವಳು ಹೆಂಡತಿ ಪಕ್ಕೀರಮ್ಮ. ಹೋಟೆಲಿನ ಬಗ್ಗೆ ಅವಳ ತೀರ್ಮಾನ ಆಗಿಹೋಗಿತ್ತು. “ಈ ಸಲ ಮಂದಿ ಬರಲಿಲ್ಲ ಅಂದ್ರೆ ನಾಕೂ ಕೋಣ್ಯಾಗೆ ಉಳ್ಳಾಗಡ್ಡಿ ಹಾಕತೀನಿ ನೋಡ್ರಿ. ಗಾಳಿ ಚಲೋ ಆಡತೈತಿ” ಎಂದಿದ್ದಳು. ಹೇಳಿ ಸುಮ್ಮನಾಗುವ ಪೈಕಿ ಅಲ್ಲ ಅವಳು. ಖಾಲಿ ಚೀಲಗಳ ಕಟ್ಟನ್ನು ತಂದು ಮೊದಲ ಕೋಣೆಯ ಬಾಗಿಲ ಹಿಂದೆ ಇಟ್ಟೇಬಿಟ್ಟಿದ್ದಳು. ಆ ಕಟ್ಟು ಕಣ್ಣಿಗೆ ಬೀಳದಿರಲೆಂದು ಶಿವಯೋಗಿ ಬಾಗಿಲನ್ನು ಯಾವಾಗಲೂ ಪೂರ್ತಿ ತೆರೆದೇ ಇಡುತ್ತಿದ್ದ.

ಅಂಥ ಹೊತ್ತಿನಲ್ಲಿ ದಾವಣಗೆರೆಯ ಒಂದು ಟ್ರಾವೆಲ್ಸಿನಿಂದ ರೋಜಾ ಎಂಬ ಮೇಡಂ ಫೋನು ಮಾಡಿದರು. ಶನಿವಾರ ಒಂದು ಟೆಂಪೋ ಜನರನ್ನು ಕರೆತರುತ್ತೇನೆ, ಬೆಟ್ಟ ಹತ್ತಿಸಿ, ಕೋಟೆ ತೋರಿಸಿ, ರಾತ್ರಿ ಬಯಲಿನಲ್ಲಿ ಡೇರೆ ಹಾಕಿ ಮಲಗಿಸಬೇಕು, ಜನಕ್ಕೆ ಹಿಡಿಸಿದರೆ ಮುಂದೆ ಪ್ರತಿ ಶನಿವಾರವೂ ಕಳಿಸುತ್ತೇವೆ ಎಂದರು. ಶಿವಯೋಗಿ ಆವತ್ತೇ ದಾವಣಗೆರೆಗೆ ಹೋಗಿ ನೀಲಿ ಡೇರೆಗಳನ್ನು ಬಾಡಿಗೆಗೆ ತಂದ.

ಡೇರೆ ಹಾಕಲು ಹೋಟೆಲಿನ ಹಿಂದಿನ ಹೊಲವೇ ಸರಿ ಎಂದು ನೋಡಲು ಹೋದರೆ, ಪಕ್ಕೀರಮ್ಮ ಆಗಲೇ ಮೆಕ್ಕೆಜೋಳದ ಕೂಳೆ ಕಿತ್ತು, ಕಲ್ಲು ಆಯ್ದು, ಹೊಲವನ್ನು ಅಂಗಳದ ಹಾಗೆ ಮಾಡಿಟ್ಟಿದ್ದಳು. ಬಾಯಲ್ಲಿ ಉಳ್ಳಾಗಡ್ಡಿ ಅಂದರೂ ಒಳಗೊಳಗೆ ತನ್ನ ಕಡೆಗೇ ಇದ್ದಾಳಲ್ಲ ಎಂದು ಅವನ ಕಣ್ಣು ಒದ್ದೆಯಾಯಿತು. ಮರುದಿನ ಅವನು ಗೂಟ ಹೊಡೆದು ಹಗ್ಗ ಬಿಗಿದು ಡೇರೆ ನಿಲ್ಲಿಸುವಾಗ ಅವಳೂ ಬದುವಿನ ಮೇಲೆ ನಿಂತು ನೋಡಿದಳು. ಅವಳ ಮುಖವೂ ಅರಳಿತು.

ಆದರೆ ಈ ಗಂಡ ಹೆಂಡತಿ ಬಾಯಿ ಬಿಡುವುದು ಏನಾದರೂ ಕೆಟ್ಟಾಗ ಮಾತ್ರ. ಸಂತೋಷವಾದರೆ ಅವಳು ಅವನ ತಟ್ಟೆಗೆ ಒಂದು ರೊಟ್ಟಿ ಹೆಚ್ಚಿಗೆ ಹಾಕುತ್ತಿದ್ದಳು, ಅವನು ಸುಮ್ಮನೆ ತಿನ್ನುತ್ತಿದ್ದ. ಆವತ್ತೂ ಹಾಕಿದಳು, ಇವನೂ ತಿಂದ. ಎಡವಟ್ಟಾದದ್ದು ಅಲ್ಲೇ.

ಶನಿವಾರ ಟೆಂಪೋ ಬಂತು. ಪಕ್ಕೀರಮ್ಮ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವಷ್ಟರಲ್ಲಿ ಬಂದವರು ಬ್ಯಾಗುಗಳನ್ನು ಡೇರೆಗಳಲ್ಲಿಟ್ಟು ಬೆಟ್ಟ ಹತ್ತಿದರು. ಕೋಟೆಯ ಮೊದಲ ಬಾಗಿಲಿಗೇ ಅರ್ಧ ಜನಕ್ಕೆ ಉಬ್ಬಸ ಬಂತು. ಬಿಳಿ ಟೋಪಿಯ ಹಿರಿಯರೊಬ್ಬರು ಮಾತ್ರ ಕಲ್ಲು ಕಲ್ಲಿಗೂ ನಿಂತು, “ಇದು ಯಾವ ಶತಮಾನದ್ದು?” ಎಂದು ಕೇಳುತ್ತಿದ್ದರು. ಶಿವಯೋಗಿ ವಾರವಿಡೀ ರಾಜವಂಶಗಳನ್ನು ಬಾಯಿಪಾಠ ಮಾಡಿದ್ದ, ಏರುದಾರಿಯಲ್ಲಿ ಎಲ್ಲವೂ ಕಲಸಿಹೋದವು. “ಬಾಳ ಹಿಂದಿಂದ್ರಿ ಸರ. ನಮ್ಮ ಮುತ್ತಜ್ಜನ ಕಾಲಕ್ಕೇ ಹಳೇದಿತ್ತಂತ” ಎಂದ. ಟೋಪಿಯವರಿಗೆ ಸಮಾಧಾನವಾಗಲಿಲ್ಲ. ಬೆಟ್ಟದ ಮೇಲಿನ ಗುಡಿಯಲ್ಲಿ ಉಚ್ಚಂಗೆಮ್ಮನಿಗೆ ಕೈ ಮುಗಿಯುವಾಗ ಶಿವಯೋಗಿ ಕೇಳಿಕೊಂಡದ್ದು ಒಂದೇ: ತಾಯಿ, ಈ ಜನಕ್ಕೆ ಹಿಡಿಸಲಿ.

ಹೊತ್ತು ಮುಳುಗುವಾಗ ಕೋಟೆಗೋಡೆಯ ಮೇಲಿಂದ ಎಲ್ಲರೂ ಫೋಟೋ ತೆಗೆದರು. ದೂರದ ದಾರಿಯಲ್ಲಿ ಧೂಳೆಬ್ಬಿಸುತ್ತ ಏನೋ ಕಪ್ಪಗೆ ಸರಿದು ಬರುತ್ತಿತ್ತು. “ಅದೇನ್ರಿ?” ಎಂದರು ರೋಜಾ.

“ಕುರಿ ರೀ ಮೇಡಂ. ಹೊಲದಾಗೆ ಕುರಿ ನಿಲ್ಲಿಸಿದ್ರೆ ಹಿಕ್ಕಿ ಬಿದ್ದು ಗೊಬ್ಬರ ಆಗತೈತಿ. ಪಕ್ಕದ ಹೊಲದ ಅಂಜಿನಿ ಕರೆಸ್ಯಾನ, ಕಾಣತೈತಿ” ಎಂದ ಶಿವಯೋಗಿ. ಆ ದಿನ ಅವನು ಧೈರ್ಯದಿಂದ ಕೊಟ್ಟ ಉತ್ತರ ಅದೊಂದೇ, ಅದೂ ತಪ್ಪಾಗಿತ್ತು.

ಕೆಳಗಿಳಿದು ಬಂದರೆ ಅವನ ಹೊಲದ ತುಂಬ ಕುರಿ. ಕಾಲಿಡಲು ಜಾಗವಿಲ್ಲ. ನಡುವೆ ನೀಲಿ ಡೇರೆಗಳು ನಿಂತಿದ್ದವು, ಒಂದೊಂದರೊಳಗಿಂದಲೂ “ಮ್ಯಾ” ಎಂದು ಕೇಳುತ್ತಿತ್ತು. ಕುರಿಗಾರ ಬೊಮ್ಮಪ್ಪ ಮರಿಗಳನ್ನೆಲ್ಲ ಡೇರೆಗಳೊಳಗೆ ಬಿಟ್ಟು ಜಿಪ್ಪು ಎಳೆದು, ಕಂಬಳಿ ಹೊದ್ದು ಕುಳಿತಿದ್ದ.

“ಯಜಮಾನ್ರ, ಮೂವತ್ತು ವರ್ಷದಿಂದ ಕುರಿ ನಿಲ್ಲಿಸ್ತೀನಿ” ಎಂದು ಅವನು ಎದ್ದು ಕೈ ಮುಗಿದ. “ಮರಿಗಳಿಗೆ ಇಷ್ಟು ಚಂದ ಗುಡ್ಲು ಹಾಕಿ ಕೊಟ್ಟೋರು ನೀವೊಬ್ರೇ ನೋಡ್ರಿ. ಹಾಸಿಗಿ ಬ್ಯಾರೆ ಹಾಸೀರಿ, ತಲಿದಿಂಬಿಗೆ ಬ್ಯಾಗೂ ಇಟ್ಟೀರಿ!”

ಶಿವಯೋಗಿ ಹೆಂಡತಿಯ ಕಡೆ ತಿರುಗಿದ.

“ದೀಪಾವಳಿಗೇ ಬೊಮ್ಮಣ್ಣಗ ಎಲಿಅಡಿಕಿ ಕೊಟ್ಟಿದ್ದೆ. ಅದಕ್ಕೇ ಹೊಲ ಹಸನು ಮಾಡಿದ್ದು” ಎಂದಳು ಪಕ್ಕೀರಮ್ಮ. “ನೀವು ಗೂಟ ಹೊಡೆಯೋದು ನೋಡಿ ಮರಿಗಳಿಗೇ ಮಾಡ್ತೀರಿ ಅನ್ಕಂಡೆ. ಮಂಚ ಇರೋ ಕೋಣಿ ಬಿಟ್ಟು, ದುಡ್ಡು ಕೊಟ್ಟು ಹೊಲದಾಗೆ ಮಲಗೋ ಮಂದಿ ಅದಾರ ಅಂತ ನನಗೇನು ಗೊತ್ತು?”

“ಲೇ ಬೊಮ್ಮಪ್ಪ, ಕುರಿ ಎಬ್ಬಿಸು. ಇದೊಂದಿನ ಅಂಜಿನಿ ಹೊಲಕ್ಕೆ ಹೊಡಕಂಡು ಹೋಗು.”

“ಆಗಂಗಿಲ್ರಿ. ಅಕ್ಕ ಎಲಿಅಡಿಕಿ ಕೊಟ್ಟಾಳ, ನಾನು ಇಸ್ಕಂಡೀನಿ. ಇಸ್ಕಂಡ ಮ್ಯಾಲೆ ಬರಬೇಕು, ಬಂದ ಮ್ಯಾಲೆ ನಿಲ್ಲಬೇಕು. ಮಾತು ತಪ್ಪಿದ್ರೆ ಮುಂದೆ ನನ್ನ ಯಾರು ಕರೀತಾರ?”

ಬಿಳಿ ಟೋಪಿಯವರು ತಮ್ಮ ಡೇರೆಯ ಜಿಪ್ಪು ಎಳೆದರು. ಅವರ ಟವೆಲ್ಲಿನ ಮೇಲೆ ಒಂದು ಕರಿಮರಿ ಮಲಗಿತ್ತು. ಇನ್ನೊಂದು ಬ್ಯಾಗಿನ ಪಟ್ಟಿ ಮೆಲ್ಲುತ್ತಿತ್ತು. ಮೂರನೆಯದು ಹಾಸಿಗೆಯ ಮೇಲೆ ಮಾಡಬಾರದ್ದನ್ನು ಮಾಡಿ ಮುಗಿಸಿತ್ತು. ಟೋಪಿಯವರ ಕೂಗಿಗೆ ಕುರಿನಾಯಿ ಎದ್ದು ಬೊಗಳಿತು. ಉಳಿದವರು ಮಾತ್ರ ಒಬ್ಬೊಬ್ಬರು ಒಂದೊಂದು ಮರಿ ಎತ್ತಿಕೊಂಡು ನಗುತ್ತಿದ್ದರು. ರೋಜಾ ಮೇಡಂ ಒಬ್ಬರೇ ನಗಲೂ ಇಲ್ಲ, ಬೈಯಲೂ ಇಲ್ಲ. ಶಿವಯೋಗಿಗೆ ಹೆದರಿಕೆಯಾದದ್ದು ಅದಕ್ಕೇ.

“ತಪ್ಪು ನಮ್ದರಿ ಮೇಡಂ” ಎಂದ ಅವನು. ಕೋಣೆಗಳಲ್ಲಿ ಹಾಸಿಗೆ ಹಾಸಲು ಓಡಿದ.

ಆ ರಾತ್ರಿ ಜನ ನಾಲ್ಕು ಕೋಣೆಗಳಲ್ಲಿ ಒತ್ತೊತ್ತಾಗಿ ಮಲಗಿದರು, ಮರಿಗಳು ಡೇರೆಗಳಲ್ಲಿ ಸುಖವಾಗಿ ಮಲಗಿದವು. ಬೆಳಿಗ್ಗೆ ಟೆಂಪೋ ಹೊರಡಬೇಕಾದರೆ ಅರ್ಧ ಜನ ಇನ್ನೂ ಹೊಲದಲ್ಲಿ ಮರಿಗಳ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬಿಳಿ ಟೋಪಿಯವರು ಎಲ್ಲರಿಗಿಂತ ಮೊದಲೇ ಹತ್ತಿ ಕಿಟಕಿ ಮುಚ್ಚಿಕೊಂಡು ಕುಳಿತಿದ್ದರು.

“ಆಫೀಸಿನಲ್ಲಿ ಮಾತಾಡಿ ತಿಳಿಸ್ತೀನಿ ಶಿವಯೋಗಿಯವ್ರೆ” ಎಂದರು ರೋಜಾ.

ಅದರ ಅರ್ಥ ಶಿವಯೋಗಿಗೆ ಗೊತ್ತಿತ್ತು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಊರಿಗೆ ಹೋಗಿ ತಿಳಿಸುತ್ತೇವೆ ಅನ್ನುವುದು ಇದೇ ಧಾಟಿಯಲ್ಲಿ. ಎರಡು ವರ್ಷದ ಆಸೆ ಮುಗಿಯಿತು, ಇನ್ನು ಉಳ್ಳಾಗಡ್ಡಿಯೇ ಗತಿ ಎಂದು ಅವನು ತಲೆ ತಗ್ಗಿಸಿದ.

ಅಷ್ಟರಲ್ಲಿ ಪಕ್ಕೀರಮ್ಮ ಒಳಗಿಂದ ತಟ್ಟೆ ಹಿಡಿದು ಬಂದಳು. ರೋಜಾಗೆ ಕುಂಕುಮ ಹಚ್ಚಿ, ಎಲೆಅಡಿಕೆ ಕೈಗಿಟ್ಟು, “ಬರೋ ಶನಿವಾರ ಮಂದಿ ಕರಕಂಡು ಬರ್ರಿ ಯವ್ವಾ” ಎಂದಳು. ರೋಜಾ ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು.

ಮರಿ ಎಣಿಸುತ್ತಿದ್ದ ಬೊಮ್ಮಪ್ಪ ತಲೆಯೆತ್ತಿ ನಕ್ಕ. “ಮುಗೀತು ನೋಡ್ರಿ ಮೇಡಮ್ಮೋರ. ಅಕ್ಕನ ಕೈಲಿ ಎಲಿಅಡಿಕಿ ಇಸ್ಕಂಡ್ರಿ. ಇನ್ನ ಬರಲೇಬೇಕು. ನಾನೂ ಹಿಂಗೇ ಬಂದಿದ್ದು.”

ರೋಜಾ ಕೈಯಲ್ಲಿನ ಎಲೆ ನೋಡಿದರು, ಹೊಲ ತುಂಬಿದ ಕುರಿ ನೋಡಿದರು. ಪಕ್ಕೀರಮ್ಮ ಕಣ್ಣು ಮಿಟುಕಿಸದೆ ನಿಂತಿದ್ದಳು. ನಿನ್ನೆಯಿಂದ ಬಿಗಿಹಿಡಿದಿದ್ದ ನಗು ರೋಜಾಗೆ ಆಗ ಒಮ್ಮೆಲೇ ಬಂತು.

“ಬರೋ ಶನಿವಾರ ಆಗಲ್ಲಮ್ಮ, ಅದರ ಮುಂದಿನ ಶನಿವಾರ ಬರ್ತೀವಿ. ಆದ್ರೆ ಮರಿಗಳಿಗೆ ಬೇರೆ ಡೇರೆ ಹಾಕ್ರಿ.”

ಟೆಂಪೋ ಹೋದ ಮೇಲೆ ಪಕ್ಕೀರಮ್ಮ ಮೊದಲ ಕೋಣೆಗೆ ಹೋಗಿ, ಬಾಗಿಲ ಹಿಂದಿನ ಚೀಲದ ಕಟ್ಟನ್ನು ಎತ್ತಿ ತಂದು ಅಟ್ಟಕ್ಕೆ ಎಸೆದಳು. 

ಮಧ್ಯಾಹ್ನ ಊಟಕ್ಕೆ ಕುಳಿತಾಗ ಶಿವಯೋಗಿಯೇ ಅವಳ ತಟ್ಟೆಗೆ ಒಂದು ರೊಟ್ಟಿ ಹೆಚ್ಚಿಗೆ ಹಾಕಿದ. ಈ ಸಲ ಅಷ್ಟಕ್ಕೇ ಬಿಟ್ಟರೆ ಆಗದು ಅನ್ನಿಸಿ, ಬಾಯಿಬಿಟ್ಟೇ ಕೇಳಿದ:

“ಪಕ್ಕೀರಿ, ಆ ಶನಿವಾರಕ್ಕ ಮತ್ಯಾರಿಗೂ ಎಲಿಅಡಿಕಿ ಕೊಟ್ಟಿಲ್ಲ, ಹೌದಿಲ್ಲೋ?”