ತಾಟವಾಡದವರು ಫ್ಯಾನು ಒತ್ತದ ವರ್ಷ

ಸುಭಾಸರಾವ ಸಾಹೇಬರ ಚುನಾವಣೆಗಳನ್ನು ಹಳಿಯಾಳದ ಜನ ಇಸವಿ ಹಿಡಿದು ಹೇಳುತ್ತಾರೆ. ದಾಂಡೇಲಿಯ ಸಿರಾಜುನ್ನಿಸಾ ಗಾಡಿ ಹಿಡಿದು ಹೇಳುತ್ತಿದ್ದಳು. ರಾಜದೂತ ಮೋಟರ್‌ಸೈಕಲ್ಲಿನ ಸಲ ಬಿದ್ದರು. ಮಟಾಡೋರಿನ ಸಲ ಆರಿಸಿ ಬಂದರು. ಬಿಳಿ ಜೀಪಿನ ಸಲ ಮತ್ತೆ ಆರಿಸಿ ಬಂದರು. ಅದೇ ಜೀಪಿಗೆ ಹಸಿರು ಬಣ್ಣ ಹೊಡೆಸಿದ ಸಲ ಪಕ್ಷದವರು ಟಿಕೆಟ್ ಕೊಡಲಿಲ್ಲ. ಸಿಟ್ಟಿನಲ್ಲಿ ಪಕ್ಷೇತರ ನಿಂತು, ನೂರರೊಳಗಿನ ಓಟಿನಲ್ಲಿ ಬಿದ್ದರು. ಮುಂದೆ ಪಕ್ಷದವರೇ ಮನೆಗೆ ಬಂದು ಕರೆದರು, ಸಾಹೇಬರು ಗೆದ್ದರು, ಕೆಲ ಕಾಲ ಮಂತ್ರಿಯೂ ಆದರು, ಕೊನೆಗೊಮ್ಮೆ ಸೋತರು. ಆದರೆ ಆ ಗಾಡಿಗಳ ಹೆಸರು ಸಿರಾಜುನ್ನಿಸಾಳಿಗೆ ಗೊತ್ತಿಲ್ಲ. ಅವನ್ನು ಅವಳ ಗಂಡ ಮೆಹಬೂಬ ಓಡಿಸಲಿಲ್ಲ.

ಮೆಹಬೂಬ ಗ್ಯಾರೇಜಿನ ಮೇಸ್ತ್ರಿ. ಸಾಹೇಬರ ಗಾಡಿ ರಿಪೇರಿ ಮಾಡುತ್ತ ಮಾಡುತ್ತ ಅದರ ಸ್ಟೇರಿಂಗ್ ಹಿಡಿದವನು. ಹಸಿರು ಜೀಪಿನ ಸಲ ಎಲ್ಲ ಕಡೆಯ ಲೆಕ್ಕ ಸರಿಯಾಗಿಯೇ ಇತ್ತು. ಕೆಟ್ಟದ್ದು ತಾಟವಾಡ ಒಂದರಲ್ಲಿ. ಜೋಯಿಡಾ ಕಡೆಯ ಕಾಡಿನೊಳಗೆ ಸಿದ್ದಿ ಜನರ ಸಣ್ಣ ಊರು ಅದು. ಸಾಹೇಬರು ಅಲ್ಲಿಗೆ ಶಾಲೆ ತಂದಿದ್ದರು, ಹಳ್ಳ ದಾಟಲು ಸಂಕ ಹಾಕಿಸಿದ್ದರು, ಊರಿಗೆ ಊರೇ ಅವರಿಗೆ ಓಟು ಹಾಕುತ್ತಿತ್ತು. ಆ ಸಲ ಮಾತ್ರ ಅಲ್ಲಿಯ ಮಶೀನಿನಿಂದ ಬಂದದ್ದು ಒಂದು ಕೈ ಬೆರಳಿನಲ್ಲಿ ಎಣಿಸಬಹುದಾದಷ್ಟು. ಮತದಾನದ ಹಿಂದಿನ ದಿನ ಆ ಊರೊಳಗೆ ಹೋಗಿ ಬಂದವನು ಮೆಹಬೂಬ ಒಬ್ಬನೇ. ಸಾಹೇಬರು ಬೈಯಲಿಲ್ಲ, ಕೇಳಲಿಲ್ಲ. ಜೀಪಿನ ಕೀಲಿ ಒಯ್ಯಲು ಒಬ್ಬನನ್ನು ಕಳಿಸಿದರು, ಅಷ್ಟೇ. ಅದಾಗಿ ಹದಿನೈದು ವರ್ಷದ ಮೇಲಾಯಿತು.

ಜನ ಅದನ್ನು ಮರೆತಂತೆಯೇ ಇದ್ದರು. ಈ ಬೇಸಿಗೆಯಲ್ಲಿ ಸಾಹೇಬರು ಇನ್ನು ಮುಂದೆ ಚುನಾವಣೆ ಸಾಕು ಎಂದರು, ಹಳಿಯಾಳದಲ್ಲಿ ಸನ್ಮಾನ ಗೊತ್ತಾಯಿತು. ಮೊಬೈಲಿನಲ್ಲಿ ಸುದ್ದಿ ಬಿಡುವ ವೀರೇಶ ಎಂಬ ಹುಡುಗ ಅವರ ಸಂದರ್ಶನ ಮಾಡಿದ.

“ಪಕ್ಷೇತರ ನಿಂತಾಗ ಯಾಕ ಬಿದ್ರಿ ಸಾಹೇಬ್ರ?”

“ಎದುರಿನವರು ಬೀಳಿಸಿದ್ರ ಬ್ಯಾಸರಿಲ್ಲಪಾ. ನನ್ನ ಸ್ಟೇರಿಂಗ್ ಹಿಡದಾವನ ಬೀಳಿಸಿದ.”

ಸಂಜೆಯೊಳಗೆ ಓಣಿಯ ಎಲ್ಲ ಫೋನುಗಳಲ್ಲೂ ಆ ಮಾತು. ಚಹಾದಂಗಡಿಯ ಆಸಿಮ, “ಚಾಚಾ, ಅವತ್ತ ಸ್ಟೇರಿಂಗ್ ಯಾ ಕಡೆ ತಿರುಗಿಸಿದ್ರಿ?” ಅಂದ. ನಗಿಸಲು ಅಂದದ್ದು, ಎಲ್ಲರೂ ನಕ್ಕರು. ಮೆಹಬೂಬ ಅರ್ಧ ಚಹಾ ಬಿಟ್ಟು ಮನೆಗೆ ಬಂದು ಟ್ರಂಕು ಎಳೆದ.

“ಮುಂಡಗೋಡಕ್ಕ ಸಾಯಿಮಾನ ಮನಿಗೆ ಹೋಗೂಣು. ಮಗಳು ಕರೀಲಿಕತ್ತು ಬಾಳ ದಿನ ಆತು. ಈ ಓಣ್ಯಾಗ ಇನ್ನ ಮಾರಿ ತೋರಿಸಾಕ ನನ್ನ ಕಡಿಂದ ಆಗೂದಿಲ್ಲ.”

ಸಿರಾಜುನ್ನಿಸಾ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಡಲಿಲ್ಲ. “ಹೋಗೂಣು. ಅದಕ್ಕೂ ಮದಲ ಒಂದು ಕೇಳ್ತೇನಿ. ನೀವು ಅವತ್ತ ತಾಟವಾಡಕ್ಕ ಹೋಗಿ ಏನಂದ್ರಿ?”

“ಏನ್ ಅಂತಾರ? ಓಟು ಹಾಕ್ರಿ ಅಂದೆ.”

“ಹಂಗಲ್ಲ. ಬಾಯಿಂದ ಬಂದ ಮಾತು ಹ್ಯಾಂಗ ಬಂತೋ ಹಂಗ ಹೇಳ್ರಿ.”

“ಯಾರಿಗೆ ನೆನಪಿರತೈತಿ? ನಿನಗ ನಿನ್ನೆ ಸಾರಿಗೆ ಉಪ್ಪು ಹಾಕಿದ್ದ ನೆನಪಿರಲಿಲ್ಲ.”

“ಅದಕ್ಕ ಎರಡು ಸಲ ಹಾಕಿದೆ. ನೀವೂ ಸುಮ್ನ ಉಂಡ್ರಿ.”

ಅವನು ನಗಲಿಲ್ಲ. ಗಂಡ ಸುಳ್ಳು ಹೇಳುವವನಲ್ಲ ಎಂಬುದು ಅವಳಿಗೆ ಗೊತ್ತು. ಆದರೆ ತಾಟವಾಡದವರೂ ಮಾತು ತಪ್ಪುವವರಲ್ಲ. ಇಬ್ಬರೂ ನಿಜವಾದರೆ ಓಟು ಎಲ್ಲಿ ಹೋಯಿತು? ಇಷ್ಟು ವರ್ಷ ಈ ಪ್ರಶ್ನೆ ಅವಳ ತಲೆಯಲ್ಲಿ ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ಕೂತಿತ್ತು. ಗಂಡ ನೊಂದುಕೊಂಡಾನು ಎಂದು ಕೆದಕಿರಲಿಲ್ಲ.

“ಯಾರ ಮುಂದ ಅಂದ್ರಿ, ಅದರ ನೆನಪೈತಿಲ್ಲೋ?”

“ಸೋನುಬಾಯಿ ಅಂಗಳದಾಗ. ಮಂದಿ ಎಲ್ಲಾ ಅಲ್ಲೇ ಕೂಡಿತ್ತು.”

ಮರುದಿನ ಬೆಳಿಗ್ಗೆ ಸಿರಾಜುನ್ನಿಸಾ ಜೋಯಿಡಾ ಬಸ್ಸು ಹತ್ತಿದಳು. ಗಣೇಶಗುಡಿಯಲ್ಲಿ ಹೊಳೆಗೆ ಇಳಿಯುವ ಪ್ರವಾಸಿಗರೆಲ್ಲ ಇಳಿದು ಬಸ್ಸು ಖಾಲಿಯಾಯಿತು. ತಾಟವಾಡದ ಕ್ರಾಸಿನಲ್ಲಿ ಇಳಿದವಳು ಅವಳೊಬ್ಬಳೇ. ಈಗ ಊರಿನತನಕ ಡಾಂಬರಿದೆ. ಆಗ ಹಳ್ಳದಿಂದಾಚೆ ಕಾಲುದಾರಿ ಮಾತ್ರ ಇತ್ತೆಂದು ಗಂಡ ಹೇಳಿದ್ದ.

ಸೋನುಬಾಯಿ ಅಂಗಳದಲ್ಲಿ ಮುರುಗಲ ಹಣ್ಣಿನ ಸಿಪ್ಪೆ ಒಣಹಾಕುತ್ತಿದ್ದಳು. ಕೈಯೆಲ್ಲ ಕೆಂಪು. ಸಿರಾಜುನ್ನಿಸಾಳಷ್ಟೇ ವಯಸ್ಸು, ಆದರೆ ಬೆನ್ನು ನೆಟ್ಟಗೆ.

“ಬರ್ರಿ ಬೀಬಿ, ಬರ್ರಿ! ಡ್ರೈವರ್ ಭಾವ ಹ್ಯಾಂಗ ಅದಾರ?”

ಬೆಲ್ಲ, ನೀರು ಬಂತು. ಸಿರಾಜುನ್ನಿಸಾ ಅವಸರ ಮಾಡಲಿಲ್ಲ. ತಾನೂ ಸಿಪ್ಪೆ ಬಿಡಿಸುತ್ತ ಕೂತಳು. ಆಮೇಲೆ ಮೆಲ್ಲಗೆ, “ಬಾಯಿ, ಹಿಂದಕ ಸಾಹೇಬ್ರು ಫ್ಯಾನ್ ಚಿಹ್ನೆ ಹಿಡದು ನಿಂತಿದ್ರಲ್ಲ” ಅಂದಳು.

“ಅಯ್ಯ, ಮರೀತೇವೇನು? ಕರೆಂಟಿಲ್ಲದ ಊರಿಗೆ ಫ್ಯಾನ್ ತಂದಾರ ಅಂತ ನಕ್ಕಿದ್ದಽ ನಕ್ಕಿದ್ದು.”

“ಆ ಸಲ ಊರಾವ್ರು ಓಟು ಹಾಕಲಿಲ್ಲ. ಯಾಕ?”

ಸೋನುಬಾಯಿಯ ಕೈ ನಿಂತಿತು. “ಬಿಡ್ರಿ ಬೀಬಿ. ಅದು ಸಾಹೇಬ್ರಿಗೆ ನಾಚಿಕಿ ಆಗೂ ಮಾತು. ನಾವು ಯಾವತ್ತೂ ಅವರ ಮುಂದ ಎತ್ತಿಲ್ಲ.”

ಸಿರಾಜುನ್ನಿಸಾಳಿಗೆ ವಿಚಿತ್ರವೆನಿಸಿತು. “ನಾಚಿಕಿ ಅವರಿಗ್ಯಾಕ?”

“ಕುಂತ್ರಲ್ಲ ಮತ್ತ!”

“ಎಲ್ಲಿ ಕುಂತ್ರು?”

“ಓಟಿನಾಗ ಬೀಬಿ! ನಿಮ್ಮ ಮನಿಯವರ ಬಂದು ಹೇಳಿದ್ರಲ್ಲ, ಇದ ಅಂಗಳದಾಗ ನಿಂತು. ಸಾಹೇಬ್ರು ಎಲ್ಲಿ, ಯಾಕ ಬರಲಿಲ್ಲ ಅಂತ ನಮ್ಮ ಹಿರ್ಯಾರು ಕೇಳಿದ್ರು. ‘ಸಾಹೇಬ್ರು ಕುಂತಾರ, ಇನ್ನ ಏಳಾಕ ಆಗೂದಿಲ್ಲ, ನೀವು ಅವರನ್ನ ಮರೀಬ್ಯಾಡ್ರಿ’ ಅಂದ್ರು. ಕೇಳಿ ನಾನಽ ಅತ್ತೇನಿ.”

ಸಿರಾಜುನ್ನಿಸಾ ಕೈಯಲ್ಲಿದ್ದ ಹಣ್ಣನ್ನು ತಟ್ಟೆಗಿಟ್ಟಳು. ಅವಳಿಗೆ ಒಂದೊಂದಾಗಿ ಹೊಳೆಯತೊಡಗಿತು. ಚುನಾವಣೆಯಲ್ಲಿ ನಿಲ್ಲುತ್ತಾರೆ, ಬೀಳುತ್ತಾರೆ; ನಡುವೆಯೇ ಇನ್ನೊಬ್ಬರಿಗೆ ದಾರಿ ಬಿಟ್ಟು ಹಿಂದೆ ಸರಿದರೆ ‘ಕುಂತರು’ ಎನ್ನುತ್ತಾರೆ. ಪಕ್ಷೇತರರು ಕೂಡ್ರುವುದು ಹೊಸದೇನಲ್ಲ, ಸಾಹೇಬರೂ ಕೂಡ್ರುತ್ತಾರೆಂದು ಎದುರಿನವರು ಆ ವಾರವೆಲ್ಲ ಸುದ್ದಿ ಹಬ್ಬಿಸಿದ್ದರು. ತಾಟವಾಡದವರ ಮನೆಮಾತು ಕೊಂಕಣಿ. ಮೆಹಬೂಬನಿಗೆ ಬರುವುದು ಉರ್ದು ಮತ್ತು ಕನ್ನಡ. ನಡುವೆ ಕನ್ನಡವೇ ಸೇತುವೆ.

“ಬಾಯಿ, ನಿಮ್ಮ ಮಾತಿನಾಗ ಜೀಪಿನಾಗ ಕುಂತಾನ ಅನ್ನಾಕ ಏನಂತೀರಿ?”

“ಬಸ್ಲಾ ಅಂತೇವಿ. ಕುಂತ್ರು ಅನ್ನೂದು ನಾವು ಕಲ್ತದ್ದ ಓಟಿನವರಿಂದ.”

“ಅವತ್ತ ಸಾಹೇಬ್ರ ಕಾಲು ಉಳುಕಿತ್ತು. ಹಳ್ಳದ ಆ ಕಡೆ ಜೀಪಿನಾಗ ಬಸ್ಲಾ ಆಗಿದ್ರು. ಎದ್ದು ನಡ್ಯಾಕ ಆಗಲಿಲ್ಲ, ಅದಕ್ಕ ಇವರನ್ನ ಕಳಿಸಿದ್ರು.”

ಸೋನುಬಾಯಿ ಕೆಂಪು ಕೈಯನ್ನು ಬಾಯಿಗೆ ಹಚ್ಚಿಕೊಂಡಳು. “ದೇವಾ! ಮಶೀನಿನಾಗ ಫ್ಯಾನ್ ಇತ್ತು ಬೀಬಿ. ಕುಂತವರ ಚಿಹ್ನೆನೂ ತಗ್ಯಾಂಗಿಲ್ಲ ಅಂತ ಯಾರೋ ಅಂದ್ರು. ಯಾಕ ಸುಮ್ನ ಓಟು ಹಾಳು ಮಾಡೂದಂತ ಬ್ಯಾರೇದ್ದು ಒತ್ತಿ ಬಂದ್ವಿ.”

ಮನೆಗೆ ಬಂದು ಹೇಳಿದಾಗ ಮೆಹಬೂಬ ಮೊದಲು, “ಕುಂತಾರ ಅಂದ್ರ ಕುಂತಾರ! ಅದರಾಗೇನೈತಿ?” ಅಂದ. ಆಮೇಲೆ ತಾನೇ ಆ ಮಾತನ್ನು ಮತ್ತೊಮ್ಮೆ ಸಣ್ಣಗೆ ಅಂದು ನೋಡಿದ. ಟ್ರಂಕಿನ ಮೇಲೆ ಕುಸಿದ.

“ಹಂಗಾರ ಬೀಳಿಸಿದಾವ ನಾನ.”

“ಬೀಳಿಸೂದು ಬ್ಯಾರೆ, ಬಾಯಿ ಜಾರೂದು ಬ್ಯಾರೆ.”

“ಸಾಹೇಬ್ರಿಗೆ ಎರಡೂ ಒಂದ. ಹೇಳಬ್ಯಾಡ. ಇಲ್ಲೀತನಕ ಅನುಮಾನ ಇತ್ತು, ಈಗ ಖಾತ್ರಿ ಆಗತೈತಿ. ಸುಮ್ನ ಮುಂಡಗೋಡಕ್ಕ ಹೋಗಿಬಿಡೂಣು.”

“ನೀವು ಹೋಗ್ರಿ. ನಾ ಹಳಿಯಾಳಕ್ಕ ಹೋಗಿ ಬರ್ತೇನಿ. ಸೋನುಬಾಯಿನೂ ಬರ್ತಾಳ.”

ಹೆಂಡತಿ ಒಬ್ಬಳೇ ಹೋಗಿ ತನ್ನ ತಪ್ಪು ಹೇಳುವುದನ್ನು ಮೆಹಬೂಬ ತಾಳಲಾರ. ಬೈಯುತ್ತಲೇ ಅಂಗಿ ಬದಲಿಸಿ ಬೆನ್ನು ಹತ್ತಿದ.

ಸಾಹೇಬರು ಪಡಸಾಲೆಯಲ್ಲಿ ಕೋಲು ತೊಡೆಯ ಮೇಲಿಟ್ಟುಕೊಂಡು ಪೇಪರು ಓದುತ್ತಿದ್ದರು. ಸನ್ಮಾನದ ವಿಚಾರಕ್ಕೆ ವೀರೇಶ ಅಲ್ಲಿಯೇ ಬಂದಿದ್ದ. ಗೇಟಿನಲ್ಲಿ ನಿಂತ ಮೆಹಬೂಬನನ್ನು ನೋಡಿ ಸಾಹೇಬರು ಪೇಪರು ಮಡಚಿದರು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಸೋನುಬಾಯಿ ಯಾರ ಅಪ್ಪಣೆಗೂ ಕಾಯದೆ ಮೆಟ್ಟಿಲು ಹತ್ತಿ, ನಡೆದದ್ದನ್ನೆಲ್ಲ ಅರ್ಧ ಕೊಂಕಣಿ ಅರ್ಧ ಕನ್ನಡದಲ್ಲಿ ಹೇಳಿಬಿಟ್ಟಳು. ಸಾಹೇಬರು ಕೇಳುತ್ತ ಕೇಳುತ್ತ ಮುಂದಕ್ಕೆ ಬಾಗಿದರು.

“ಅಲ್ಲ ಸೋನುಬಾಯಿ, ಆಮ್ಯಾಲ ಎಷ್ಟ ಸಲ ನಿಮ್ಮೂರಿಗೆ ಬಂದೇನಿ. ಹಾರ ಹಾಕಿದ್ರಿ, ಆರತಿ ಎತ್ತಿದ್ರಿ. ಒಂದ ಸಲಾನೂ ಅನ್ನಲಿಲ್ಲಲ್ಲ?”

“ಕುಂತವರ ಮುಂದ ಕುಂತ್ರಿ ಅಂತ ಹ್ಯಾಂಗ ಅನ್ನೂದ್ರಿ ಸಾಹೇಬ್ರ? ಮರ್ಯಾದಿ ಬ್ಯಾಡೇನು?”

“ನಾನೂ ಹಂಗ ಅನ್ಕೊಂಡಿದ್ದೆ, ಓಟು ಹಾಕಲಿಲ್ಲಂತ ನೀವು ನಾಚಿಗೊಂಡೀರಿ, ನಾ ಯಾಕ ಕೇಳಲಿ ಅಂತ.” ಸಾಹೇಬರು ನಕ್ಕರು. ನಗು ಬೇಗ ಮುಗಿಯಿತು. ಗೇಟಿನತ್ತ ನೋಡಿದರು. ಮೆಹಬೂಬ ಇನ್ನೂ ಅಲ್ಲೇ ಇದ್ದ.

ಸಿರಾಜುನ್ನಿಸಾಳಿಗೆ ಒಂದು ಉಳಿದಿತ್ತು. “ತಾಟವಾಡದಾವ್ರನ್ನ ಕೇಳಲಿಲ್ಲ, ಇರಲಿ. ಇವರನ್ನ ಯಾಕ ಕೇಳಲಿಲ್ರಿ ಸಾಹೇಬ್ರ? ದಿನಾ ಬಾಜೂಕ ಇದ್ದಾವ್ರು. ಒಂದ ಮಾತು ಕೇಳಿದ್ರ ಅವತ್ತ ಮುಗೀತಿತ್ತು.”

ವೀರೇಶ ಹೆದರಿ ಸಾಹೇಬರ ಮುಖ ನೋಡಿದ. ಅಷ್ಟು ಸಲ ಆರಿಸಿ ಬಂದವರನ್ನು ಹೀಗೆ ಯಾರೂ ಕೇಳಿದ್ದನ್ನು ಅವನು ಕಂಡಿರಲಿಲ್ಲ. ಸಾಹೇಬರು ಕೋಲಿನ ತುದಿಯಿಂದ ನೆಲದ ಮೇಲೆ ಏನೋ ಗೀಚಿದರು.

“ಕೇಳಬೇಕಂತ ಕೀಲಿ ತರಾಕ ಕಳಿಸಿದ್ದೆ, ಭಾಭಿ. ಕೀಲಿ ತಾನಽ ತಗೊಂಡು ಬರ್ತಾನ, ಆಗ ಕೇಳೂಣು ಅಂತ. ಇವ ಬರಲಿಲ್ಲ. ಆಮ್ಯಾಲ ನನಗ ಅಂಜಿಕಿ ಆತು. ಕೇಳಿ, ಹೌದು ಅಂದುಬಿಟ್ರ? ಎದುರಿನವರು ಏನ್ ಮಾಡಿದ್ರೂ ತಡ್ಕೊಂಡಾವ ನಾನು. ಅದೊಂದು ಹೌದು ತಡ್ಕೊಳ್ಳಾಕ ಆಗತಿದ್ದಿಲ್ಲ.”

ಗೇಟಿನಿಂದ ಮೆಹಬೂಬ ಅಂದ: “ಕೀಲಿ ಕೇಳಾಕ ಮಂದಿ ಕಳಿಸಿದ ಮ್ಯಾಲ ಯಾವ ಮಾರಿ ಇಟಗೊಂಡು ಬರ್ಲಿರಿ ನಾನು?”

ಸಾಹೇಬರು ಕೋಲೂರಿ ಎದ್ದು, ಮೆಟ್ಟಿಲು ಇಳಿದು, ಗೇಟಿನತನಕ ನಡೆದು ಹೋದರು. ಮೆಹಬೂಬನ ಮೊಣಕೈ ಹಿಡಿದುಕೊಂಡೇ ತಿರುಗಿ ಬಂದರು. ಆಸರೆಗೆ ಹಿಡಿದರೋ ಕರೆತರಲು ಹಿಡಿದರೋ ಸಿರಾಜುನ್ನಿಸಾಳಿಗೆ ತಿಳಿಯಲಿಲ್ಲ.

“ವೀರೇಶಾ, ನಿನ್ನ ಫೋನ್ ತಗಿ. ಅವತ್ತ ನಾ ಅಂದದ್ದು ಎಷ್ಟ ಮಂದಿಗೆ ಮುಟ್ಟೇತಿ, ಅಷ್ಟೂ ಮಂದಿಗೆ ಇದು ಮುಟ್ಟಬೇಕು. ಯಾರು ಬೀಳಿಸಿದ್ರು ಅಂತ ಮತ್ತ ಕೇಳು.”

ವೀರೇಶ ಕೇಳಿದ.

“ನನ್ನ ಕಾಲು ಬೀಳಿಸ್ತಪಾ. ಉಳುಕಿದ ಕಾಲಿಲೆ ಕುಂಟಕೋತರ ಹೋಗಿದ್ರ ಆಗ ಗೆಲ್ತಿದ್ದೆ. ಮೆಹಬೂಬನ ಮ್ಯಾಲ ನಾ ಹಾಕಿದ ಅಪವಾದ ಸುಳ್ಳು. ಓಣ್ಯಾಗ ಯಾರರ ಅವಂಗ ಅಂದ್ರ ನನಗ ಅಂದಂಗ.”

ಫೋನು ಸೋನುಬಾಯಿಯ ಕಡೆ ತಿರುಗಿತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು, “ನಾ ಕನ್ನಡದಾಗ ಹೇಳೂದಿಲ್ಲಪಾ, ಮತ್ತ ಯಾರರ ಬಿದ್ದಾರು!” ಅಂದಳು. ಸಾಹೇಬರು ಕೋಲು ಬಡಿದು ನಕ್ಕರು. ಕೊನೆಗೆ ಫೋನು ಮೆಹಬೂಬನ ಎದುರಿಗೆ ಬಂತು.

“ಚಾಚಾ, ಅವತ್ತ ತಾಟವಾಡದಾಗ ನೀವು ಹೇಳಬೇಕಾಗಿದ್ದ ಮಾತು ಈಗ ಹೇಳ್ರಿ.”

ಮೆಹಬೂಬ ಗಂಟಲು ಸರಿಮಾಡಿಕೊಂಡ. ಹೆಂಡತಿಯನ್ನೊಮ್ಮೆ ನೋಡಿದ. ಒಂದೊಂದೇ ಮಾತನ್ನು ಸ್ಪ್ಯಾನರ್ ಆರಿಸಿದ ಹಾಗೆ ಆರಿಸಿ, ನಿಧಾನವಾಗಿ ಅಂದ:

“ಸಾಹೇಬ್ರ ಕಾಲು ಉಳುಕೇತಿ. ಅದಕ್ಕ ಬರಲಿಲ್ಲ. ಹಳ್ಳದ ಆ ಕಡೆ ಜೀಪಿನಾಗ... ಜೀಪಿನಾಗ ಅದಾರ.”